ಕುಂಕುಮ ಹಚ್ಚಿದ ಹಲಗೆ

ಅಂಗಳದ ಹೊಂಗೆ ಮರದ ಕೆಳಗೆ ಒಂದು ಬೆಂಚು, ಗೇಟಿನ ಹತ್ತಿರ ಮಲ್ಲಿಗೆ ಬಳ್ಳಿಗೆ ಮರದ ಚಪ್ಪರ. ಹೆಂಡತಿ ಕೇಳಿದ್ದು ಇಷ್ಟೇ. ಶಿಡ್ಲಘಟ್ಟದಿಂದ ಬಡಗಿ ಆಚಾರಿಯೊಬ್ಬರನ್ನು ಕರೆಸಿದೆ. ಹಲಗೆಗಳನ್ನು ಅವರೇ ಆರಿಸಿ ತಂದರು. ಶುಕ್ರವಾರ ಒಳ್ಳೆಯ ದಿನವೆಂದು ಮೇಲಿನ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಉಳಿಯಿಂದ ಒಂದೇ ಒಂದು ಏಟು ಹಾಕಿದರು. "ಮುಹೂರ್ತ ಆಯ್ತಲ್ಲ ಸಾರ್, ನಾಳೆ ಬರ್ತೀನಿ" ಎಂದು ಹೋದರು.

ಬರಲಿಲ್ಲ. ಫೋನ್ ಮಾಡಿದರೆ ಚಿಂತಾಮಣಿಯಲ್ಲಿ ಬಾಗಿಲು ಕೂರಿಸುತ್ತಿದ್ದರು. ಆಮೇಲೆ ಗೌರಿಬಿದನೂರಿನಲ್ಲಿ. ರೇಗಿ ಹೋಗಿ ಜಂಗಮಕೋಟೆಯಿಂದ ಇನ್ನೊಬ್ಬರನ್ನು ಕರೆತಂದೆ. ಅವರು ಕುಂಕುಮವನ್ನೂ ಉಳಿಯ ಗುರುತನ್ನೂ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇನ್ನೊಬ್ರು ಮುಹೂರ್ತ ಮಾಡಿರೋ ಮರ ನಾವು ಮುಟ್ಟಲ್ಲ ಸಾರ್. ಅವ್ರನ್ನೇ ಕರೆಸ್ಕೊಳ್ಳಿ."

ಆಮೇಲೆ ಬಂದವರೂ ಅದನ್ನೇ ಹೇಳಿದರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ನನ್ನ ಮರಕ್ಕೆ ಪೂಜೆಯಾಗಿತ್ತು. ಕಾಯಿ ತಂದುಕೊಟ್ಟವನು ನಾನೇ.

ಹಲಗೆಗಳು ಬಿಸಿಲಿಗೆ ಸೀಳು ಬಿಟ್ಟವು, ಮಳೆಗೆ ಸೊಟ್ಟಗಾದವು. ಮಲ್ಲಿಗೆ ಬಳ್ಳಿ ನೆಲದಲ್ಲೇ ಹಬ್ಬಿ ಒಣಗಿತು. ಬೆಂಚಿನ ಮಾತನ್ನು ಹೆಂಡತಿ ಎತ್ತುವುದನ್ನೇ ಬಿಟ್ಟಳು.

ಮೊನ್ನೆ ನೀರೊಲೆಗೆ ಸೌದೆ ಸಾಲದೆ, ಅವಳು ಆ ಕುಂಕುಮದ ಹಲಗೆಯನ್ನು ಎತ್ತಿಕೊಂಡಳು.

"ಅದು ಬೇಡ ಕಣೇ" ಎಂದೆ. "ನಾಳೆ ಅವ್ರು ಬಂದ್ರೆ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಲಗೆಯನ್ನು ಇದ್ದ ಜಾಗದಲ್ಲೇ ಇಟ್ಟು, ತಣ್ಣೀರಿನಲ್ಲೇ ಸ್ನಾನ ಮಾಡಲು ಹೋದಳು.