ಹಸಿರು ಬಣ್ಣದ ಕೆಳಗೆ ಅತ್ತಿಗೆಯ ಹೆಸರು

ಕೇಳ್ರಪ್ಪಾ ಎಲ್ಲರೂ, ಇವತ್ತು ನಮ್ಮ ಕನ್ನಡಿ ಬೀರುವಿಗೆ ಹೊಸ ಬಣ್ಣ ಹೊಡೆಯೋಣವೆಂದು ಹಳೆಯ ಹಸಿರು ಬಣ್ಣವನ್ನು ಕೆರೆಯುತ್ತಿದ್ದೆ. ನಮ್ಮ ಮದುವೆಗೆ ದೊಡ್ಡೇರಿಯ ಭಾವ ತಂಗಿಗೆಂದು ಕೊಟ್ಟ ಬೀರು ಅದು. ಅಣ್ಣನದು ದೊಡ್ಡ ಕೈ, ಅತ್ತಿಗೆ ಜಿಪುಣಿ ಎಂದು ನನ್ನವಳು ಇವತ್ತಿಗೂ ಹೇಳುತ್ತಾಳೆ. ಉಪ್ಪುಕಾಗದದಿಂದ ಉಜ್ಜಿದಂತೆ ಬಾಗಿಲ ಮೇಲೆ ಬಿಳಿ ಅಕ್ಷರಗಳು ಕಂಡವು. ಭಾವ ಮತ್ತು ಅವರ ಹೆಂಡತಿಯ ಹೆಸರು, ಅವರ ಮದುವೆಯ ತಾರೀಖು, ಕೆಳಗೆ ‘ಮದುವೆಯ ಉಡುಗೊರೆ’!

ನನ್ನವಳು ಕೂಡಲೇ ಫೋನ್ ಮಾಡಿದಳು. “ಏನಣ್ಣಾ, ನಿಮಗೆ ಬಂದಿದ್ದ ಹಳೇ ಬೀರುಗೆ ಬಣ್ಣ ಬಳ್ದು ನಂಗೆ ಕೊಟ್ಬುಟ್ಯಾ?”

“ಇಷ್ಟು ವರ್ಷ ಸೀರೆ ಇಟ್ಕಂಡು ಈಗ ಕೆರೆದು ನೋಡ್ತೀಯಲ್ಲಮ್ಮೀ! ಬಡಗಿ ಮದ್ವೆ ಹೊತ್ಗೆ ಹೊಸ ಬೀರು ಮುಗಿಸ್ದೆ ಕೈ ಎತ್ತಿದ್ದ. ನಿಮ್ಮತ್ತಿಗೆನೇ ತನ್ನ ಸೀರೆನೆಲ್ಲ ಟ್ರಂಕಿಗೆ ತುಂಬಿ, ನಂದೇ ಕೊಡಾನ, ಯಾರ್ಗೂ ಹೇಳ್ಬ್ಯಾಡ ಅಂದ್ಳು.”

ನನ್ನವಳು ಅಕ್ಷರಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, “ಅತ್ತಿಗೆ ಕೈಗೆ ಫೋನ್ ಕೊಡಣ್ಣಾ,” ಎಂದಳು. ಇಬ್ಬರೂ ಒಂದು ಗಂಟೆ ಮಾತಾಡಿದರು.

ಆಮೇಲೆ ನನಗೆ ಹುಕುಂ ಬಂತು: “ಆ ಅಕ್ಷರದ ಮ್ಯಾಲೆ ಬಣ್ಣ ಹೊಡುದ್ಬುಟ್ಟೀರಾ, ಹುಷಾರು!”

ಸಂಜೆಗೆ ಕಾಫಿ ಬಣ್ಣದ ಮೊದಲ ಕೋಟ್ ಮುಗಿಯಿತು, ಅಕ್ಷರಗಳನ್ನು ಬಿಟ್ಟು. ಇನ್ನು ಮನೆಗೆ ಬಂದವರೆಲ್ಲ ಭಾವನ ಮದುವೆಯನ್ನೇ ಓದುತ್ತಾರೆ. ನನಗೂ ಮದುವೆಯಾಗಿದೆ ಎನ್ನುವುದಕ್ಕೆ ಗುರುತು ಬೇಕಾದವರು ಐದು ನಿಮಿಷ ಕೂತರೆ ಸಾಕು, ಒಳಗಿನಿಂದ ಗದರಿಕೆ ಕೇಳಿಸುತ್ತದೆ.