ನಡುವೆ ಇಲ್ಲದ ಬೂದು

ಇವತ್ತು ಬೆಳಿಗ್ಗೆ ಬುಕಿತ್ ಪಂಜಾಂಗ್‌ನ ನಮ್ಮ ಫ್ಲಾಟಿಗೆ ಕಿಟಕಿ ರಿಪೇರಿಯವನು ಬಂದಿದ್ದ. ಸಂದಿಗೆ ಸಿಲಿಕಾನ್ ಅಂಟು ತುಂಬಿದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಸರ್ ನೆನಪಾದರು...

ಸರ್ ನಮಗೆ ಮಳೆ-ಗಾಳಿಯ ವೇಗ ಅಳೆಯುವ ಡಾಪ್ಲರ್ ರಾಡಾರ್ ಕಲಿಸುತ್ತಿದ್ದರು. ಧಾರವಾಡದ ಕಡೆಯವರು, ಈ ಪರದೇಶದ ವಿಶ್ವವಿದ್ಯಾಲಯಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಪ್ಪು ಉತ್ತರ ಕೊಟ್ಟರೆ ಮಾರ್ಕರ್ ಹಾರಿ ಬರುತ್ತಿತ್ತು. ಕನ್ನಡದವಳೆಂದು ನನಗೇನೂ ರಿಯಾಯಿತಿ ಇರಲಿಲ್ಲ. ಉಳಿದವರಿಗೆ ಇಂಗ್ಲಿಷಿನಲ್ಲಿ ಬೈದರೆ ನನಗೆ ಎರಡೂ ಭಾಷೆಯಲ್ಲಿ ಬೈಯುತ್ತಿದ್ದರು. ಅವರು ಹೊಗಳಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವರ ಮೊದಲ ಪಾಠ ಬಣ್ಣದ್ದು. ಪರದೆಯ ಮೇಲೆ ಹಸಿರು ಎಂದರೆ ಗಾಳಿ ನಮ್ಮತ್ತ ಬರುತ್ತಿದೆ, ಕೆಂಪು ಎಂದರೆ ದೂರ ಹೋಗುತ್ತಿದೆ. ಆದರೆ ಹಳೆಯ ರಾಡಾರ್ ಅಳೆಯಬಲ್ಲ ವೇಗಕ್ಕೆ ಒಂದು ಮಿತಿ. ಗಾಳಿ ಅದನ್ನೂ ಮೀರಿ ನುಗ್ಗಿ ಬಂದರೆ ಲೆಕ್ಕ ತಿರುಗುಮುರುಗಾಗಿ, ಬರುತ್ತಿರುವುದನ್ನೇ ಕೆಂಪಾಗಿ ತೋರಿಸಿಬಿಡುತ್ತದೆ. ಹಸಿರು ಕೆಂಪಿಗೆ ತಿರುಗುವಾಗ ನಡುವೆ ವೇಗ ಸೊನ್ನೆ ಎಂದು ತೋರಿಸುವ ಬೂದು ಬಣ್ಣ ಇರಬೇಕು. ಇಲ್ಲದಿದ್ದರೆ ಆ ಕೆಂಪನ್ನು ನಂಬಬಾರದು.

ಒಂದು ದಿನ ಬೆಳಿಗ್ಗೆ ನಮ್ಮ ವಿಭಾಗದ ತಾರಸಿಯ ಮೇಲೆ ಹೊಸ ರಾಡಾರಿನ ಗುಮ್ಮಟ ಕೂರಿಸುತ್ತಿದ್ದೆವು. ಈ ಎಡವಟ್ಟನ್ನು ತಾನೇ ಸರಿಮಾಡಿಕೊಳ್ಳುವ ರಾಡಾರ್ ಅದು. ಅದಕ್ಕಾಗಿ ಸರ್ ಸಿಕ್ಕಸಿಕ್ಕವರ ಜೊತೆ ಜಗಳವಾಡಿದ್ದರು. ಬೋಲ್ಟ್ ಅರ್ಧ ಬಿಗಿದಾಗಿತ್ತು, ವಿದ್ಯಾರ್ಥಿಗಳು ನಾವು ಸಂದಿಗೆ ಅಂಟು ತುಂಬುತ್ತಿದ್ದೆವು. ಪಶ್ಚಿಮದ ಆಕಾಶ ಕಪ್ಪಾಯಿತು. ಎದುರು ಕಟ್ಟಡದಲ್ಲಿದ್ದ ಹಳೆಯ ರಾಡಾರಿನ ಚಿತ್ರವನ್ನು ಸರ್ ಮೊಬೈಲಿನಲ್ಲಿ ನೋಡಿದರು. ಕೆಂಪಿದೆ, ದೂರ ಹೋಗುತ್ತಿದೆ, ಕೆಲಸ ಮುಗಿಸಿ ಎಂದರು. ಗುಮ್ಮಟ ಅವತ್ತೇ ಕೂರಬೇಕೆಂಬ ಆಸೆ ಕಣ್ಣಿಗೆ ಅಡ್ಡ ಬಂದಿತ್ತೋ ಏನೋ...

ನಾನು ಇಣುಕಿದೆ. "ಸರ್, ನಡುವೆ ಗ್ರೇ ಇಲ್ಲ."

ಸರ್ ಬೈಯಲಿಲ್ಲ. ಮುಖ ಬಿಳಿಚಿಕೊಂಡಿತು. ಎಲ್ಲರೂ ಕೆಳಗೆ ನಡೀರಿ ಎಂದು ಅರಚುತ್ತ ಒಬ್ಬೊಬ್ಬರನ್ನೇ ಮೆಟ್ಟಿಲ ಬಾಗಿಲೊಳಕ್ಕೆ ದಬ್ಬತೊಡಗಿದರು. ಅಷ್ಟರಲ್ಲಿ ಗಾಳಿ ಬಂತು. ಬಂತು ಅನ್ನುವುದೇ ತಪ್ಪು, ಬಡಿಯಿತು. ಏಣಿ ಹಾರಿತು, ಕೆಳಗೆ ಮರಗಳು ಲಟಲಟ ಮುರಿದವು, ಮಳೆ ಜಲ್ಲಿಕಲ್ಲಿನಂತೆ ಮುಖಕ್ಕೆ ಹೊಡೆಯಿತು. ಕೊನೆಗೆ ಉಳಿದವಳು ನಾನು. ತೋಳು ಹಿಡಿದೆಳೆದು, ಕಿವಿಗೆ ಬಾಯಿಟ್ಟು ಹೇಳಿದರು, "ಬರೋಬ್ಬರಿ ನೋಡಿದಿ, ತಂಗಿ." ಸರಿಯಾಗಿ ನೋಡಿದೆ ಎಂದು.

ಕಿತ್ತುಬಂದ ಗುಮ್ಮಟದ ಹೋಳು ಅವರ ಕುತ್ತಿಗೆಗೆ ಹೊಡೆದದ್ದು ಆಗಲೇ. ಅಂಟು ಮೆತ್ತಿದ ನನ್ನ ಕೈತುಂಬ ರಕ್ತ. ಅಷ್ಟು ಮಳೆಯಲ್ಲೂ ಅದು ತೊಳೆದುಹೋಗಲಿಲ್ಲ. ಆಂಬುಲೆನ್ಸ್ ಬರುವ ಮೊದಲೇ ಸರ್ ಹೋಗಿಬಿಟ್ಟಿದ್ದರು.

ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಮಗೆ ಬೈದು ಬೈದು ಕಲಿಸಿದ್ದನ್ನು ತಾವೇ ಮರೆಯುವುದೇ?

ಈಗ ಅದೇ ತಾರಸಿಯಲ್ಲಿ ಬೇರೆ ಗುಮ್ಮಟವಿದೆ, ಪಾಠ ನನ್ನದು. ಹೊಸ ರಾಡಾರ್ ಬಣ್ಣ ತಪ್ಪುವುದಿಲ್ಲ. ಆದರೂ ಪ್ರತಿ ಬ್ಯಾಚಿಗೂ ಆ ಬೆಳಗಿನ ಹಳೆಯ ಚಿತ್ರವನ್ನೇ ಮೊದಲು ತೋರಿಸುತ್ತೇನೆ. ಇವತ್ತೂ ತೋರಿಸಿದೆ. ದೂರ ಹೋಗುತ್ತಿದೆ, ಗೋಯಿಂಗ್ ಅವೇ ಲಾ ಎಂದರು ಎಲ್ಲರೂ, ಇಲ್ಲಿನ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನ ಚೀನೀ ಹುಡುಗಿಯೊಬ್ಬಳು ಮಾತ್ರ, ನಡುವೆ ಗ್ರೇ ಇಲ್ಲವಲ್ಲ ಎಂದು ಅನುಮಾನಿಸಿದಳು.

ಬರೋಬ್ಬರಿ ನೋಡಿದಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಹೇಳದೆ, ಪರದೆಯ ಹತ್ತಿರ ಹೋಗಿ ಬೂದು ಇರಬೇಕಾಗಿದ್ದ ಜಾಗದ ಮೇಲೆ ಬೆರಳಿಟ್ಟೆ.