ವಾಚನಾಲಯದ ಅಕ್ಕ ಮತ್ತು ಕೊನೆಯ ಎಂಟು ಪುಟ

ಅಕ್ಕನ ಬಲ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣಕ್ಕಿರುತ್ತಿತ್ತು. ಪುಸ್ತಕ ಕೊಡುವಾಗ ತಾರೀಖಿನ ಮೊಹರು ಒತ್ತುತ್ತಿದ್ದರಲ್ಲ, ಆ ಶಾಯಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಗಂಜಿ ಹಾಕಿದ ಹತ್ತಿ ಸೀರೆ, ಕಾಲಿಗೆ ಮಾತ್ರ ಗಂಡಸರ ಹವಾಯಿ ಚಪ್ಪಲಿ. ದಿನಾ ಬೆಳಿಗ್ಗೆ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಅರಕಲಗೂಡಿಗೆ ಬಂದು, ಪೇಟೆಯ ಹಿಂದಿನ ಬೀದಿಯ ವಾಚನಾಲಯದ ಬೀಗ ತೆಗೆಯುತ್ತಿದ್ದರು. ಊರಿನ ಕೆಲವರು ಸೇರಿ ನಡೆಸುತ್ತಿದ್ದ ಸಣ್ಣ ವಾಚನಾಲಯ ಅದು. ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು.

ಈಗ ನಾನು ಪುಸ್ತಕಗಳ ಬಗ್ಗೆ ಯಾರೋ ಇಬ್ಬರು ಮಾತಾಡುವುದನ್ನು ಮೊಬೈಲಿನಲ್ಲಿ ಕೇಳುತ್ತಾ ಅಡಿಗೆ ಮಾಡುತ್ತೇನೆ. ಪಾಡ್‌ಕಾಸ್ಟ್ ಅಂತೆ. ಇದನ್ನೇ ಅಕ್ಕ ತೊಂಬತ್ತರ ದಶಕದಲ್ಲಿ ಮಾಡುತ್ತಿದ್ದರು ಎಂದರೆ ನನ್ನ ಮಗಳು ನಗುತ್ತಾಳೆ. ಮಾಡುತ್ತಿದ್ದದ್ದು ನಿಜ. ಶನಿವಾರ ಮಧ್ಯಾಹ್ನ, ಹಳೇ ಪೇಪರಿನ ಕಟ್ಟುಗಳಿದ್ದ ಹಿಂದಿನ ಕೋಣೆಯಲ್ಲಿ, ಬ್ಯಾಟರಿ ಹಾಕಿದ ಟೇಪ್ ರೆಕಾರ್ಡರು ಮುಂದಿಟ್ಟುಕೊಂಡು, ಪುಸ್ತಕ ಓದಿ ಹಿಂದಿರುಗಿಸಿದವರನ್ನು ಕೂರಿಸಿ ಮಾತಾಡಿಸುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ, “ಎಲ್ಲಿ ಕೂತು ಓದಿದ್ರಿ?” ಬಸ್ ಕಂಡಕ್ಟರೊಬ್ಬರು, “ಕೆಟ್ಟು ನಿಂತಿದ್ದ ಬಸ್ಸಲ್ಲಿ ಮೇಡಂ, ಪ್ಯಾಸೆಂಜರ್ ಎಲ್ಲ ಬಯ್ತಾ ಇದ್ರು” ಎಂದಿದ್ದರು. ಹೈಸ್ಕೂಲಿನ ಮೇಷ್ಟ್ರು ಬಹಳ ಹೊತ್ತು ಯೋಚಿಸಿ, “ಕಕ್ಕಸಿನಲ್ಲಿ” ಎಂದಿದ್ದರು. ಅಕ್ಕ ಅದನ್ನೂ ಅಳಿಸಲಿಲ್ಲ. ಒಮ್ಮೆ ಬಟನ್ ಒತ್ತಿದರೆ ಮಾತು ಮುಗಿಯುವವರೆಗೆ ನಿಲ್ಲಿಸುವುದಿಲ್ಲ, ಕೆಮ್ಮಿದರೂ ಇರಲಿ, ಸೀನಿದರೂ ಇರಲಿ ಎನ್ನುವುದು ಅವರ ಹಟ.

ಆ ಕ್ಯಾಸೆಟ್ಟುಗಳನ್ನು ಕೇಳುತ್ತಿದ್ದವರು ಓದಿದವರಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಸುತ್ತಲ ಹಳ್ಳಿಗಳಲ್ಲಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಅಕ್ಕ ಕ್ಯಾಸೆಟ್ಟುಗಳಿಗೂ ಮೊಹರು ಒತ್ತಿದ ಚೀಟಿ ಅಂಟಿಸಿ, ಪುಸ್ತಕದ ಹಾಗೆಯೇ ಅವರಿಗೆ ಎರವಲು ಕೊಡುತ್ತಿದ್ದರು.

ಆಗ ನಾನು ಪಿಯುಸಿ. ಪುಸ್ತಕದ ಹುಳು ಎಂದು ಹೆಸರು ತೆಗೆದುಕೊಂಡು ಬೀಗುತ್ತಿದ್ದ ಹುಡುಗಿ. ಒಂದು ಶನಿವಾರ ಅಕ್ಕ ನನ್ನನ್ನೂ ಕೂರಿಸಿದರು. ನಾನು ಓದಿದ್ದು ಗಂಡನ ಮನೆಯಲ್ಲಿ ನೊಂದು ತೌರಿಗೆ ಬಂದವಳ ಕತೆ, ದಪ್ಪ ಕಾದಂಬರಿ. ಆ ಪುಸ್ತಕ ಬೈಂಡಿಂಗಿಗೆ ಹೋಗಿ ಬಂದಾಗ ಕೊನೆಯ ಎಂಟು ಪುಟ ಬಿಟ್ಟುಹೋಗಿತ್ತು. ಗಂಡ ಕರೆಯಲು ಬಂದು ಬಾಗಿಲಲ್ಲಿ ನಿಲ್ಲುವಲ್ಲಿಗೆ ಕತೆ ನಿಂತಿತ್ತು. ಹಾಗೆಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ! “ಕೊನೆಗೆ ಏನಾಗುತ್ತೆ?” ಎಂದು ಅಕ್ಕ ಕೇಳಿದಾಗ ನಾನು ಕಣ್ಣು ಮಿಟುಕಿಸದೆ ಕಟ್ಟಿ ಹೇಳಿದೆ. “ಅವಳು ಒಂದು ಚೊಂಬು ನೀರು ತಂದು ಕೊಡ್ತಾಳೆ ಅಕ್ಕ. ‘ನೀರು ಕುಡಿದು ಹೊರಡಿ’ ಅಂತಾಳೆ. ಅಷ್ಟೇ. ಬಾಗಿಲು ಹಾಕ್ಕೋತಾಳೆ.” ಹೇಳುತ್ತಾ ಹೇಳುತ್ತಾ ನಾನೇ ಅದನ್ನು ನಂಬಿಬಿಟ್ಟೆ. ಅಕ್ಕ ತಲೆಯಾಡಿಸಿದರು.

ಎರಡು ತಿಂಗಳಾಗಿರಬೇಕು. ಹಳ್ಳಿಯ ಗಂಡಸೊಬ್ಬ ಜೇಬಿನಿಂದ ಕ್ಯಾಸೆಟ್ಟು ತೆಗೆದು ಅಕ್ಕನ ಮೇಜಿನ ಮೇಲೆ ಕುಕ್ಕಿದ.

“ಏನ್ ಮೇಡಂ ಇದು? ನನ್ ತಂಗಿನ ಕರ್ಕೊಂಡೋಗಾಕೆ ನಮ್ ಬಾವ ಬಂದ್ರೆ, ನೀರು ಕುಡ್ದು ಒಂಡಿ ಅಂದ್ಬುಟ್ಲು! ಎಲ್ ಕಲ್ತೆ ಅಂದ್ರೆ ಕ್ಯಾಸೆಟ್ನಾಗೆ ಐತೆ ಅಂತಾಳೆ.”

“ಕೂತ್ಕೊಳ್ಳಪ್ಪ. ಮೊದ್ಲು ಸ್ವಲ್ಪ ನೀರು ಕುಡಿ” ಎಂದರು ಅಕ್ಕ.

ಅವನು ಮತ್ತಷ್ಟು ಉರಿದುಬಿದ್ದ. “ನೀವೂ ಅದ್ನೇ ಅಂತೀರಲ್ಲ! ಬುಕ್ನಾಗೆ ಅಂಗೈತಾ? ತೋರ್ಸಿ ಮತ್ತೆ.”

ಅಕ್ಕ ಪುಸ್ತಕ ತೆಗೆದು ಹಿಂದಿನ ರಟ್ಟು ಬಿಚ್ಚಿ ತೋರಿಸಿದರು. “ಇಲ್ಲಿಗೇ ನಿಂತಿದೆ. ಮುಂದಿನ ಹಾಳೆ ಇಲ್ಲ.”

“ಅಂಗಾರೆ ಆ ಹುಡ್ಗಿ ಎಲ್ಲಿಂದ ಓದುದ್ಲು?”

ನಾನು ಪೇಪರ್ ಸ್ಟ್ಯಾಂಡಿನ ಹಿಂದೆಯೇ ಇದ್ದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. “ಕ್ಯಾಸೆಟ್ಟು ಮಾಡಿದ್ದು ನಾನು. ಬಯ್ಯೋದಿದ್ರೆ ನನಗೆ ಬಯ್ಯಿ” ಎಂದರು. ಅವನು ಗೊಣಗುತ್ತಾ ಹೋದ. ನಾನು ಸ್ಟ್ಯಾಂಡಿನ ಹಿಂದಿನಿಂದ ಬಂದು ಅಳುತ್ತಾ ತಪ್ಪೊಪ್ಪಿಕೊಂಡೆ.

“ಗೊತ್ತು ಕಣೆ. ಬೈಂಡಿಂಗಿಗೆ ಕೊಡೋ ಮುಂಚೇನೇ ನಾನದನ್ನ ಓದಿದ್ದೆ” ಎಂದರು.

“ಮತ್ತೆ ಯಾಕೆ ಸುಮ್ಮನಿದ್ರಿ ಅಕ್ಕ?”

“ಮೆಷಿನ್ ಓಡ್ತಾ ಇತ್ತಲ್ಲ.”

ತಮಾಷೆಯೋ, ಸಿಟ್ಟೋ, ನನಗೆ ತಿಳಿಯಲಿಲ್ಲ. ಅವರು ಇಂಕ್ ಪ್ಯಾಡಿಗೆ ಶಾಯಿ ಹಾಕುತ್ತಾ ಕೂತರು.

ಮುಂದೆ ನಾನು ಬಿ.ಎಡ್. ಮಾಡಲು ಹಾಸನಕ್ಕೆ ಹೋದೆ. ಅಲ್ಲಿಯ ಲೈಬ್ರರಿಯಲ್ಲಿ ಆ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ನಿಂತುಕೊಂಡೇ ಕೊನೆಯ ಎಂಟು ಪುಟ ಓದಿದೆ. ಗಂಡ ಬಾಗಿಲಲ್ಲೇ ಕೂತು ತಪ್ಪಾಯಿತು ಎನ್ನುತ್ತಾನೆ. ಅವಳು ಅವನ ಜೊತೆ ಹೊರಡುತ್ತಾಳೆ, ಇಬ್ಬರೂ ಚೆನ್ನಾಗಿ ಬಾಳುತ್ತಾರೆ. ಯಾರದೋ ಸಂಸಾರವನ್ನು ನನ್ನ ಬಡಾಯಿ ಮುರಿದಿತ್ತೇ? ಅಥವಾ ಯಾರನ್ನೋ ಉಳಿಸಿತ್ತೇ? ಒಂದು ದಿನ ಹಾಗನ್ನಿಸುತ್ತಿತ್ತು, ಒಂದು ದಿನ ಹೀಗೆ.

ಚನ್ನರಾಯಪಟ್ಟಣದಲ್ಲಿ ಟೀಚರ್ ಕೆಲಸ ಸಿಕ್ಕ ಮೇಲೂ ರಜೆಯಲ್ಲಿ ಹೊಳೆನರಸೀಪುರಕ್ಕೆ ಹೋಗಿ ಅಕ್ಕನನ್ನು ಕಾಣುತ್ತಿದ್ದೆ. ಹೋದಾಗಲೆಲ್ಲ ಅದೇ ರಾಗ. ನನ್ನ ಸುಳ್ಳನ್ನು ಯಾಕೆ ತಡೆಯಲಿಲ್ಲ? ನನ್ನ ಬಗ್ಗೆ ಏನೆಂದುಕೊಂಡಿರಿ? ಅಕ್ಕ ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಿದ್ದರು. ಒಮ್ಮೆ, “ಬ್ಯಾಟರಿ ದಂಡ ಆಗುತ್ತಲ್ಲ ಅಂತ.” ಇನ್ನೊಮ್ಮೆ, “ನೀನು ಅಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ.” ಮತ್ತೊಮ್ಮೆ ಸುಮ್ಮನೆ ನನ್ನ ಮುಖ ನೋಡಿ, “ಇನ್ನೇನೂ ಕೇಳೋದಿಲ್ವೇನೆ?” ಎಂದರು. ಇನ್ನೇನು ಕೇಳಬೇಕಿತ್ತೋ ನನಗೆ ಹೊಳೆಯಲಿಲ್ಲ. ಕಾಫಿ ಕುಡಿದು ಬಸ್ಸು ಹತ್ತಿದೆ.

ಎರಡು ಸಾವಿರದ ಆರೋ ಏಳೋ ಇರಬೇಕು, ಅಕ್ಕ ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು, ಹದಿಮೂರನೆಯ ದಿನಕ್ಕೆ ಹೋದೆ. ಅವರ ತಂಗಿಯ ಮನೆಯ ಜಗಲಿಯಲ್ಲಿ ಹಳ್ಳಿಯ ಹೆಂಗಸೊಬ್ಬಳು ಕೂತಿದ್ದಳು. ನನ್ನ ದನಿ ಕೇಳುತ್ತಲೇ ಕತ್ತೆತ್ತಿದಳು. “ಕ್ಯಾಸೆಟ್ನಾಗೆ ಮಾತಾಡಿದ್ದೋರು ನೀವೇ ಅಲ್ವಾ? ಆ ನೀರಿನ ಕತೆ?”

ಇಷ್ಟು ವರ್ಷ ಹೊತ್ತಿದ್ದದ್ದು ಒಮ್ಮೆಲೇ ಬಾಯಿಗೆ ಬಂತು. “ಅದು ಸುಳ್ಳಮ್ಮ. ಪುಸ್ತಕದಲ್ಲಿ ಹಾಗಿರಲಿಲ್ಲ.”

“ಗೊತ್ತು ಕಣವ್ವ” ಎಂದಳು. “ನಮ್ಮಣ್ಣ ಬಯ್ದು ಬಂದಿದ್ನಲ್ಲ, ಮಾರ್ನೆ ದಿನವೇ ಅಕ್ಕ ನಮ್ ಬ್ಯಾರನ್ ತಾವ್ಕೆ ಬಂದ್ರು. ನನ್ ಪಕ್ದಲ್ಲೇ ಕೂತು ಸೊಪ್ಪು ಕಟ್ತಾ, ಬುಕ್ಕಿನ ನಿಜವಾದ ಕೊನೆನೂ ಏಳುದ್ರು. ‘ಓಗೋದಾದ್ರೆ ಓಗು, ಇರೋದಾದ್ರೆ ಇರು. ಬುಕ್ಕು ಏಳ್ತು, ಕ್ಯಾಸೆಟ್ಟು ಏಳ್ತು ಅಂತ ಮಾತ್ರ ಮಾಡ್ಬ್ಯಾಡ’ ಅಂದ್ರು. ನಾನು ಓಗ್ಲಿಲ್ಲ. ವರ್ಸ ಆದ್ಮೇಲೆ ನಮ್ಮನೇರೇ ಕುಡಿಯಾದ್ ಬುಟ್ಟು ನಮ್ಮೂರಿಗೆ ಬಂದ್ರು. ಈಗ ಅಲ್ಲೇ ಇದೀವಿ.”

ಪುಸ್ತಕದ ಕೊನೆಯೂ ಅಲ್ಲ, ನನ್ನದೂ ಅಲ್ಲ. ನನಗೆ ನಗು ಬಂತೋ ಅಳು ಬಂತೋ. “ಅಕ್ಕ ನನಗ್ಯಾಕೆ ಇದನ್ನ ಹೇಳಲಿಲ್ಲ?” ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

“ನಾನೂ ಅದ್ನೇ ಕೇಳ್ದೆ. ಆ ಹುಡ್ಗಿಗೆ ಒಂದ್ ಮಾತು ಏಳ್ಬಾರ್ದಾ ಅಕ್ಕ, ಅಂತ. ‘ನಿನ್ ಇಸ್ಯ ಅವ್ಳು ಕೇಳ್ದಾಗ ಏಳ್ತೀನಿ’ ಅಂದ್ರು.”

ಹತ್ತು ವರ್ಷ. ಎಷ್ಟು ಸಲ ಹೋಗಿದ್ದೆ, ಎಷ್ಟು ಕೇಳಿದ್ದೆ. ಎಲ್ಲವೂ ನಾನು, ನನ್ನ ಸುಳ್ಳು, ನನ್ನ ಬಗ್ಗೆ ಅಕ್ಕ ಏನೆಂದುಕೊಂಡರು ಎಂಬುದು. ಆ ಹೆಂಗಸು ಏನಾದಳು ಎಂದು ಒಂದು ಸಲವೂ ಕೇಳಿರಲಿಲ್ಲ.

ಎಲೆ ಹಾಕಿದೆ, ಬನ್ನಿ ಎಂದು ಒಳಗಿನಿಂದ ಕರೆದರು. ನಾನು ಅವಳ ಪಕ್ಕದ ಎಲೆಗೆ ಕೂತು, ಮೊದಲು ಅವಳ ಹೆಸರು ಕೇಳಿದೆ.